ಹೊಟ್ಟೆ ಹುಣ್ಣು, ಎಚ್. ಪೈಲೋರಿ ಮತ್ತು ಹಾರ್ಮೋನು: ಔಷಧಿ ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಲ್ಲಿ ಔಷಧಿ ಅಂಗಡಿ ನಡೆಸುವ ಯಾರನ್ನೇ ಕೇಳಿ, ಜ್ವರದ ಗುಳಿಗೆಯ ಜೊತೆ ಪೈಪೋಟಿಗೆ ನಿಂತು ಖರ್ಚಾಗುವುದು ‘ಗ್ಯಾಸ್ಟ್ರಿಕ್ ಗುಳಿಗೆ’. ಬೈತಖೋಲ ಬಂದರಿನಿಂದ ಬರುವವರು ಚೀಟಿ ಇಲ್ಲದೆಯೇ ಕೇಳುತ್ತಾರೆ. ಶಿರಸಿ ಕಡೆಯಿಂದ ಮಗಳ ಮನೆಗೆ ಬಂದವರು ಖಾಲಿ ಸ್ಟ್ರಿಪ್ಪಿನ ತುಂಡು ತೋರಿಸಿ ‘ಇದೇ ಬೇಕು’ ಎನ್ನುತ್ತಾರೆ. ಕೊಡುವಾಗ ನಾಲ್ಕು ಮಾತು ಆಗುತ್ತದೆ. ಆ ಮಾತಿನಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇಲ್ಲಿವೆ. ನಾನು ಫಾರ್ಮಸಿಸ್ಟ್, ಡಾಕ್ಟರ್ ಅಲ್ಲ. ನಿಮ್ಮ ಹೊಟ್ಟೆ ಮುಟ್ಟಿ ನೋಡಿ ಹೇಳಬೇಕಾದದ್ದನ್ನು ಅವರೇ ಹೇಳಬೇಕು.

ಗ್ಯಾಸ್ಟ್ರಿಕ್, ಎದೆ ಉರಿ, ಹುಣ್ಣು ಎಲ್ಲ ಒಂದೇ ಅಲ್ವಾ?

ಅಲ್ಲ. ನಮ್ಮಲ್ಲಿ ಹೊಟ್ಟೆ ಉಬ್ಬರಿಸಿದರೂ ಗ್ಯಾಸ್ಟ್ರಿಕ್, ಹುಳಿ ತೇಗು ಬಂದರೂ ಗ್ಯಾಸ್ಟ್ರಿಕ್, ಎದೆ ಹಿಡಿದುಕೊಂಡರೂ ಗ್ಯಾಸ್ಟ್ರಿಕ್. ಕೊನೆಯದು ಹಾರ್ಟ್ ಅಟ್ಯಾಕ್ ಆಗಿದ್ದು, ಗುಳಿಗೆ ನುಂಗಿ ಮಲಗಿದವರಿದ್ದಾರೆ.

ಎದೆ ಉರಿ ಅಂದರೆ ಜಠರದ ಆಸಿಡ್ ಮೇಲಕ್ಕೆ, ಅನ್ನನಾಳಕ್ಕೆ ಏರುವುದು. ಗ್ಯಾಸ್ಟ್ರೈಟಿಸ್ ಅಂದರೆ ಜಠರದ ಒಳಪದರದ ಉರಿಯೂತ. ಹುಣ್ಣು ಅಂದರೆ ಆ ಪದರ ಕಿತ್ತು ಕುಳಿ ಬೀಳುವುದು. ಹುಣ್ಣು ಜಠರದಲ್ಲೂ ಆಗಬಹುದು, ಜಠರ ದಾಟಿದ ಕೂಡಲೇ ಬರುವ ಸಣ್ಣ ಕರುಳಿನ ಮೊದಲ ತುಂಡು ಡ್ಯುಯೊಡಿನಮ್‌ನಲ್ಲೂ ಆಗಬಹುದು. ಈ ಎರಡು ಜಾಗ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹುಣ್ಣು ಬರುವುದು ಖಾರದಿಂದ, ಟೆನ್ಶನ್ನಿನಿಂದ ಅಂತ ಹಿರಿಯರು ಹೇಳುತ್ತಿದ್ದರು. ಈಗ ಬ್ಯಾಕ್ಟೀರಿಯಾದಿಂದ ಅನ್ನುತ್ತಾರಲ್ಲ, ಅದು ಎಲ್ಲಿಂದ ಬಂತು?

ಹಿರಿಯರು ಮಾತ್ರ ಅಲ್ಲ, ಡಾಕ್ಟರುಗಳೂ ಬಹಳ ಕಾಲ ಹಾಗೇ ಹೇಳುತ್ತಿದ್ದರು. ಅಷ್ಟು ಆಸಿಡ್ ಇರುವಲ್ಲಿ ಯಾವ ಕ್ರಿಮಿಯೂ ಬದುಕುವುದಿಲ್ಲ ಎಂದೇ ಎಲ್ಲರ ನಂಬಿಕೆ. 1979ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರನ್ ಎಂಬ ಪೆಥಾಲಜಿಸ್ಟ್ ಜಠರದ ತುಣುಕೊಂದನ್ನು ಮೈಕ್ರೋಸ್ಕೋಪಿನಲ್ಲಿ ನೋಡುವಾಗ ಸುರುಳಿಯಾಕಾರದ ಬ್ಯಾಕ್ಟೀರಿಯಾ ಕಂಡರು. ಅವರ ಜೊತೆ ಬ್ಯಾರಿ ಮಾರ್ಷಲ್ ಎಂಬ ಹುಡುಗ ಡಾಕ್ಟರ್ ಸೇರಿಕೊಂಡರು. ಲ್ಯಾಬಿನಲ್ಲಿ ಅದನ್ನು ಬೆಳೆಸಲು ಎಷ್ಟು ಹೆಣಗಿದರೂ ಆಗಲಿಲ್ಲ. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು 5 ದಿನ ಇನ್‌ಕ್ಯುಬೇಟರಿನಲ್ಲೇ ಉಳಿದವು. ರಜೆ ಮುಗಿಸಿ ಬಂದು ನೋಡಿದರೆ ಬ್ಯಾಕ್ಟೀರಿಯಾ ಬೆಳೆದಿತ್ತು. ಅದು ನಿಧಾನಕ್ಕೆ ಬೆಳೆಯುವ ಜಾತಿ, ಅಲ್ಲಿಯವರೆಗೆ 2 ದಿನಕ್ಕೇ ತಟ್ಟೆ ಎಸೆಯುತ್ತಿದ್ದರು.

ಆದರೂ ಯಾರೂ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಬ್ಯಾಕ್ಟೀರಿಯಾ ಬೆಳೆಸಿದ ಸಾರನ್ನು ತಾವೇ ಕುಡಿದುಬಿಟ್ಟರು. ಕೆಲವು ದಿನಗಳಲ್ಲಿ ವಾಂತಿ, ಹೊಟ್ಟೆ ಉಬ್ಬರ, ಬಾಯಿ ವಾಸನೆ ಶುರುವಾಯಿತು. ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿ ಮಾಡಿದಾಗ ಚೆನ್ನಾಗಿದ್ದ ಜಠರದಲ್ಲಿ ಉರಿಯೂತ ಕಂಡಿತು. ಹುಣ್ಣಾಗುವ ತನಕ ಅವರು ಕಾಯಲಿಲ್ಲ, ಪುಣ್ಯ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆ ಬ್ಯಾಕ್ಟೀರಿಯಾವೇ ಹೆಲಿಕೋಬ್ಯಾಕ್ಟರ್ ಪೈಲೋರಿ, ಚಿಕ್ಕದಾಗಿ ಎಚ್. ಪೈಲೋರಿ.

ಆಸಿಡ್‌ನಲ್ಲಿ ಅದು ಸಾಯುವುದಿಲ್ಲವಾ?

ಅದರ ಹತ್ತಿರ ಯೂರಿಯೇಸ್ ಎಂಬ ಕಿಣ್ವ ಇದೆ. ಜಠರದ ರಸದಲ್ಲಿರುವ ಯೂರಿಯಾವನ್ನು ಅದು ಅಮೋನಿಯಾ ಮತ್ತು ಕಾರ್ಬನ್ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಅಮೋನಿಯಾ ತನ್ನ ಸುತ್ತಲಿನ ಆಸಿಡ್ ಮುರಿಯುತ್ತದೆ. ಆ ಗಡಿಬಿಡಿಯಲ್ಲಿ ಬ್ಯಾಕ್ಟೀರಿಯಾ ತನ್ನ ಬಾಲಗಳಿಂದ ಈಜಿ ಲೋಳೆಪದರದ ಅಡಿಗೆ ನುಗ್ಗುತ್ತದೆ. ಅಲ್ಲಿ ಆಸಿಡ್ ಕಾಟ ಅಷ್ಟಿಲ್ಲ. ಒಮ್ಮೆ ಹೊಕ್ಕರೆ ಔಷಧಿ ಕೊಡದ ಹೊರತು ಸಾಮಾನ್ಯವಾಗಿ ಜೀವನಪೂರ್ತಿ ಅಲ್ಲೇ ಇರುತ್ತದೆ.

ಸರಿ, ಹಾರ್ಮೋನಿಗೂ ಹೊಟ್ಟೆ ಹುಣ್ಣಿಗೂ ಏನು ಸಂಬಂಧ? ಹಾರ್ಮೋನು ಅಂದರೆ ಥೈರಾಯ್ಡ್, ಶುಗರ್ ಅಲ್ವಾ?

ಹೊಟ್ಟೆಯೂ ಹಾರ್ಮೋನು ಮಾಡುತ್ತದೆ. ಇಡೀ ಕಥೆ ನಿಂತಿರುವುದೇ ಇದರ ಮೇಲೆ, ಹಾಗಾಗಿ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ.

ಜಠರದ ಕೆಳಭಾಗಕ್ಕೆ ಆಂಟ್ರಮ್ ಎನ್ನುತ್ತಾರೆ. ಅಲ್ಲಿ ‘ಜಿ’ ಕೋಶಗಳಿವೆ. ಊಟ ಬಂದ ಕೂಡಲೇ, ಅದರಲ್ಲೂ ಮೀನು, ಬೇಳೆಯಂಥ ಪ್ರೋಟೀನು ಬಂದಾಗ, ಇವು ಗ್ಯಾಸ್ಟ್ರಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಗ್ಯಾಸ್ಟ್ರಿನ್ ರಕ್ತದಲ್ಲಿ ಒಂದು ಸುತ್ತು ಹೊಡೆದು ಜಠರದ ಮೇಲ್ಭಾಗಕ್ಕೆ ಬಂದು ಅಲ್ಲಿನ ಕೆಲವು ಕೋಶಗಳಿಂದ ಹಿಸ್ಟಮಿನ್ ಬಿಡಿಸುತ್ತದೆ. ಹಿಸ್ಟಮಿನ್ ಪಕ್ಕದಲ್ಲೇ ಇರುವ ಪರೈಟಲ್ ಕೋಶಗಳಿಗೆ ‘ಆಸಿಡ್ ಸುರಿಸು’ ಎನ್ನುತ್ತದೆ. ಫ್ಯಾಮೊಟಿಡಿನ್ ಥರದ ಗುಳಿಗೆ ತಡೆಯುವುದು ಈ ಹಿಸ್ಟಮಿನ್ನಿನ ಮಾತನ್ನು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆಸಿಡ್ ಪಂಪನ್ನೇ ನಿಲ್ಲಿಸುತ್ತವೆ.

ಆಸಿಡ್ ಸಾಕಷ್ಟಾದ ಮೇಲೆ ನಿಲ್ಲಿಸುವವರು ಬೇಕಲ್ಲ? ಅದೇ ಆಂಟ್ರಮ್ಮಿನಲ್ಲಿ, ಜಿ ಕೋಶಗಳ ಮಗ್ಗುಲಲ್ಲೇ ‘ಡಿ’ ಕೋಶಗಳಿವೆ. ಆಸಿಡ್ ಏರಿದ್ದು ಗೊತ್ತಾದ ಕೂಡಲೇ ಇವು ಸೊಮ್ಯಾಟೊಸ್ಟ್ಯಾಟಿನ್ ಎಂಬ ಇನ್ನೊಂದು ಹಾರ್ಮೋನು ಬಿಡುತ್ತವೆ. ಅದು ಜಿ ಕೋಶಕ್ಕೆ ‘ಸಾಕು’ ಎನ್ನುತ್ತದೆ, ಗ್ಯಾಸ್ಟ್ರಿನ್ ಇಳಿಯುತ್ತದೆ, ಆಸಿಡ್ ಇಳಿಯುತ್ತದೆ.

ಎಚ್. ಪೈಲೋರಿ ಆಂಟ್ರಮ್ಮಿನಲ್ಲಿ ಬೀಡುಬಿಟ್ಟು ಅಲ್ಲಿ ಉರಿಯೂತ ಎಬ್ಬಿಸಿದಾಗ ಪೆಟ್ಟು ಬೀಳುವುದು ಡಿ ಕೋಶಗಳಿಗೆ. ಅವುಗಳ ಸಂಖ್ಯೆ ತಗ್ಗುತ್ತದೆ, ಸೊಮ್ಯಾಟೊಸ್ಟ್ಯಾಟಿನ್ ಕಡಿಮೆಯಾಗುತ್ತದೆ. ಜೊತೆಗೆ ಉರಿಯೂತದ ರಾಸಾಯನಿಕಗಳು ಜಿ ಕೋಶಗಳನ್ನು ನೇರವಾಗಿಯೂ ಕೆರಳಿಸುತ್ತವೆ. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿಯುವ ಲಾರಿಗೆ ಬ್ರೇಕ್ ಸವೆದು, ಮೇಲಿಂದ ಆಕ್ಸಿಲರೇಟರಿನ ಮೇಲೂ ಯಾರೋ ಕಾಲಿಟ್ಟ ಹಾಗೆ. ಊಟ ಮುಗಿದ ಮೇಲೂ ಗ್ಯಾಸ್ಟ್ರಿನ್ ಇಳಿಯುವುದಿಲ್ಲ, ಆಸಿಡ್ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಸುರಿಯುತ್ತಲೇ ಇರುತ್ತದೆ. ಗ್ಯಾಸ್ಟ್ರಿನ್‌ಗೆ ಇನ್ನೊಂದು ಗುಣವೂ ಇದೆ, ಅದು ಕೋಶಗಳನ್ನು ಬೆಳೆಸುತ್ತದೆ. ವರ್ಷಗಟ್ಟಲೆ ಅದು ಜಾಸ್ತಿ ಇದ್ದರೆ ಆಸಿಡ್ ಮಾಡುವ ಕೋಶಗಳೇ ಹೆಚ್ಚಾಗುತ್ತವೆ.

ಈ ಹೆಚ್ಚುವರಿ ಆಸಿಡ್ ಹೋಗಿ ಬೀಳುವುದು ಡ್ಯುಯೊಡಿನಮ್ಮಿಗೆ. ಅದಕ್ಕೆ ಜಠರದಷ್ಟು ಗಟ್ಟಿ ರಕ್ಷಣೆ ಇಲ್ಲ. ಆಸಿಡ್ ತಡೆಯಲು ಅದು ತನ್ನ ಪದರದ ಕೆಲವು ಕಡೆ ಜಠರದ ಥರದ ಕೋಶಗಳನ್ನೇ ಬೆಳೆಸಿಕೊಳ್ಳುತ್ತದೆ. ಎಚ್. ಪೈಲೋರಿಗೆ ಬೇಕಾದದ್ದೂ ಅದೇ! ಜಠರದ ಕೋಶ ಇದ್ದಲ್ಲಿ ಮಾತ್ರ ಅದು ಅಂಟಿಕೊಳ್ಳುತ್ತದೆ. ಹಾಗೆ ಅದು ಕರುಳಿನಲ್ಲೂ ಠಿಕಾಣಿ ಹೂಡುತ್ತದೆ. ಆಸಿಡ್ ಮುರಿಯುವ ಬೈಕಾರ್ಬನೇಟ್ ಸ್ರಾವವೂ ಅಲ್ಲಿ ಕಡಿಮೆಯಾಗುತ್ತದೆ. ಕೊನೆಗೆ ಹುಣ್ಣು.

ಹಾಗಾದರೆ ಸೋಂಕು ಇದ್ದವರಿಗೆಲ್ಲ ಆಸಿಡ್ ಜಾಸ್ತಿ, ಎಲ್ಲರಿಗೂ ಹುಣ್ಣು?

ಎರಡೂ ಇಲ್ಲ. ನಮ್ಮ ದೇಶದಲ್ಲಿ ದೊಡ್ಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಹೊಟ್ಟೆಯಲ್ಲಿ ಇದು ಇದೆ. ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಜೀವಮಾನದಲ್ಲಿ ಹುಣ್ಣಾಗುವುದು ಸೋಂಕಿದ್ದ 100 ಜನರಲ್ಲಿ ಸುಮಾರು 10ರಿಂದ 20 ಜನರಿಗೆ.

ಆಸಿಡ್ ವಿಷಯದಲ್ಲಿ ಒಂದು ತಿರುವು ಇದೆ. ಉರಿಯೂತ ಕೆಳಗೆ ಆಂಟ್ರಮ್ಮಿನಲ್ಲಷ್ಟೇ ಇದ್ದರೆ ಈಗ ಹೇಳಿದ ಹಾಗೆ ಆಸಿಡ್ ಏರುತ್ತದೆ, ಡ್ಯುಯೊಡಿನಮ್ಮಿನ ಹುಣ್ಣು. ಉರಿಯೂತ ಮೇಲಕ್ಕೂ ಹಬ್ಬಿದರೆ ಆಸಿಡ್ ಮಾಡುವ ಕೋಶಗಳೇ ಸೊರಗುತ್ತವೆ. ಆಗ ಗ್ಯಾಸ್ಟ್ರಿನ್ ಎಷ್ಟು ಕೂಗಿದರೂ ಕೇಳುವವರಿಲ್ಲ, ಆಸಿಡ್ ಕಡಿಮೆಯಾಗುತ್ತದೆ. ಇಂಥವರಿಗೆ ಹುಣ್ಣಾದರೆ ಸಾಮಾನ್ಯವಾಗಿ ಜಠರದಲ್ಲೇ. ಅಲ್ಲಿ ಆಸಿಡ್ ಹೆಚ್ಚಿದ್ದಕ್ಕಲ್ಲ, ಪದರದ ರಕ್ಷಣೆ ಕುಸಿದದ್ದಕ್ಕೆ ಹುಣ್ಣು. ಕ್ಯಾನ್ಸರಿನ ಭಯ ಇರುವುದೂ ಈ ಎರಡನೇ ಗುಂಪಿನಲ್ಲೇ. ಅದೇ ಬ್ಯಾಕ್ಟೀರಿಯಾ ಒಬ್ಬರಿಗೆ ಆಸಿಡ್ ಹೆಚ್ಚಿಸುತ್ತದೆ, ಇನ್ನೊಬ್ಬರಿಗೆ ಇಳಿಸುತ್ತದೆ. ‘ನನಗೆ ಆಸಿಡ್ ಜಾಸ್ತಿ’ ಎಂದು ಕೌಂಟರಿನಲ್ಲಿ ಹೇಳುವವರಿಗೆ ‘ಅಳೆದು ನೋಡಿದ್ದೀರಾ?’ ಎಂದು ಕೇಳಬೇಕೆನಿಸುತ್ತದೆ. ಕೇಳುವುದಿಲ್ಲ, ಗಿರಾಕಿ ಹೋಗಿಬಿಡುತ್ತಾರೆ.

ಊಟ ಮಾಡಿದರೆ ನೋವು ಕಡಿಮೆ ಆಗುತ್ತದೆ, ರಾತ್ರಿ 2 ಗಂಟೆಗೆ ಎಚ್ಚರ ಆಗುತ್ತದೆ. ಯಾಕೆ?

ಡ್ಯುಯೊಡಿನಮ್ಮಿನ ಹುಣ್ಣಿನ ಹಳೇ ಗುರುತು ಅದು. ಅನ್ನ ಇರುವಷ್ಟು ಹೊತ್ತು ಆಸಿಡ್‌ಗೆ ಕೆಲಸ ಇರುತ್ತದೆ. ಹೊಟ್ಟೆ ಖಾಲಿಯಾದ ಮೇಲೂ ಸುರಿಯುವ ಆಸಿಡ್ ಹುಣ್ಣಿಗೇ ತಾಗುತ್ತದೆ. ಜಠರದ ಹುಣ್ಣಿನವರಿಗೆ ಉಂಡ ಕೂಡಲೇ ನೋವು ಏರಬಹುದು. ಇದನ್ನೇ ನಂಬಿ ಯಾವ ಹುಣ್ಣು ಎಂದು ತೀರ್ಮಾನ ಮಾಡಲು ಆಗುವುದಿಲ್ಲ. ಕೆಲವು ಹುಣ್ಣು ರಕ್ತ ಸೋರುವ ತನಕ ನೋಯುವುದೇ ಇಲ್ಲ.

ಹಸಿವೇ ಆಗುವುದಿಲ್ಲ, ತೂಕ ಇಳಿದಿದೆ. ಇದೂ ಅದರಿಂದಲೇ?

ಆಗಬಹುದು. ಹಸಿವು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಜಠರದ ಮೇಲ್ಭಾಗದಲ್ಲಿ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಪತ್ತೆ ಮಾಡಿದರು. ಸೋಂಕಿನಿಂದ ಆ ಭಾಗ ಸೊರಗಿದವರಲ್ಲಿ ಗ್ರೆಲಿನ್ ಕಡಿಮೆ ಇರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಸೋಂಕು ಹೋದ ಮೇಲೆ ಕೆಲವರಿಗೆ ಹಸಿವು ಮರಳಿ, ತೂಕವೂ ಸ್ವಲ್ಪ ಏರುತ್ತದೆ. ಆದರೆ ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಗ್ರೆಲಿನ್ ಮಾತು ಬದಿಗಿಟ್ಟು ಮೊದಲು ಎಂಡೋಸ್ಕೋಪಿ ಮಾಡಿಸಿ.

ನಾವು ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ, ಒಣಮೀನು, ಕೋಕಂ ತಿನ್ನುವವರು. ಏನು ಬಿಡಬೇಕು?

ಕೋಕಂ, ಅಪ್ಪೆಹುಳಿ, ಮೆಣಸು ಇವುಗಳಿಂದ ಹುಣ್ಣು ಹುಟ್ಟುವುದಿಲ್ಲ. ಇದ್ದ ಹುಣ್ಣಿಗೆ ಉರಿ ತಾಗಿಸಬಹುದು. ನಿಮಗೆ ಉರಿದರೆ ಬಿಡಿ, ಇಲ್ಲದಿದ್ದರೆ ಕೋಕಂ ಹಾಕಿದ ಸೋಲ್ ಕಡಿಯನ್ನು ಯಾಕೆ ಬಿಡಬೇಕು? ಒಂದೆಲಗದ ತಂಬುಳಿ, ಮಜ್ಜಿಗೆ ಹೊಟ್ಟೆಗೆ ಹಿತ, ಕುಡಿಯಿರಿ. ಆದರೆ ಅವು ಈ ಬ್ಯಾಕ್ಟೀರಿಯಾ ಓಡಿಸುವುದಿಲ್ಲ. ‘ತಂಬುಳಿ ಕುಡಿದು ಹುಣ್ಣು ಹೋಯಿತು’ ಎನ್ನುವವರ ಮಾತಿನಲ್ಲಿ ಸುಳ್ಳಿರುವುದಿಲ್ಲ, ಹುಣ್ಣು ತಾನಾಗಿ ಮಾಯ್ದು ಮತ್ತೆ ಬರುವ ಸ್ವಭಾವದ್ದು.

ಉಪ್ಪಿನ ವಿಷಯ ಬೇರೆ. ಸೋಂಕು ಇದ್ದವರು ಉಪ್ಪಿನಲ್ಲಿಟ್ಟ ಆಹಾರ ಬಹಳ ತಿಂದರೆ ಜಠರದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಮಿಡಿ ಉಪ್ಪಿನಕಾಯಿ ಇಲ್ಲದೆ ಗಂಜಿ ಇಳಿಯುವುದಿಲ್ಲ, ನನಗೂ ಗೊತ್ತು. ಒಂದು ಮಿಡಿ ಸಾಕು, ಉಪ್ಪುನೀರು ಬೆರಸಿ ಕಲಸಿಕೊಳ್ಳುವುದು ಬೇಡ. ಮಳೆಗಾಲದಲ್ಲಿ ಬೋಟು ನಿಂತಾಗ ದಿನಾ ಒಣಮೀನು ಮಾಡುವ ಮನೆಗಳಿಗೂ ಇದೇ ಮಾತು.

ಅನ್ನದ ಬಗ್ಗೆ ಒಂದು ಕುತೂಹಲದ ಸಂಗತಿ. ಮೈಸೂರಿನ ಮಿಶನ್ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದ ಫ್ರಾಂಕ್ ಟೋವಿ ಎಂಬ ಬ್ರಿಟಿಷ್ ಸರ್ಜನ್, ಅಕ್ಕಿ ತಿನ್ನುವ ದಕ್ಷಿಣದಲ್ಲಿ ಡ್ಯುಯೊಡಿನಮ್ಮಿನ ಹುಣ್ಣು ಗೋಧಿ ತಿನ್ನುವ ಉತ್ತರಕ್ಕಿಂತ ಜಾಸ್ತಿ ಎಂದು ಬಹಳ ಬರೆದಿದ್ದಾರೆ. ಸೋಂಕು ಎರಡೂ ಕಡೆ ಹೆಚ್ಚುಕಡಿಮೆ ಅಷ್ಟೇ. ತವಡು ತೆಗೆಯದ ಧಾನ್ಯದಲ್ಲಿ ಪದರವನ್ನು ಕಾಯುವ ಅಂಶಗಳಿವೆ ಎಂಬುದು ಅವರ ವಾದ. ಬಿಳಿ ಅಕ್ಕಿಗಿಂತ ನಮ್ಮ ಕೆಂಪು ಕುಚ್ಚಲಕ್ಕಿ ವಾಸಿ ಎನ್ನಲು ನನಗೊಂದು ನೆಪ ಸಿಕ್ಕಿತು, ಅಷ್ಟೇ.

ಕವಳ (ಎಲೆ-ಅಡಿಕೆ) ಹಾಕಬಹುದಾ?

ತಂಬಾಕಿನ ಕವಳ ಬಾಯಿಯ ಕ್ಯಾನ್ಸರಿಗೆ ಸಾಕು, ಹೊಟ್ಟೆಯ ಮಾತು ಆಮೇಲೆ. ಬೀಡಿ, ಸಿಗರೇಟು ಹುಣ್ಣು ಮಾಯುವುದನ್ನು ತಡ ಮಾಡುತ್ತವೆ, ಔಷಧಿಯ ಫಲವನ್ನೂ ತಗ್ಗಿಸುತ್ತವೆ.

ಇದು ಹರಡುವುದು ಹೇಗೆ? ಬಾವಿ ನೀರಿನಿಂದ ಬರುತ್ತದಾ?

ಹೆಚ್ಚಿನವರಿಗೆ ತಗಲುವುದು ಚಿಕ್ಕಂದಿನಲ್ಲಿ, ಮನೆಯೊಳಗೇ. ಬಾಯಿಂದ ಬಾಯಿಗೆ, ವಾಂತಿಯಿಂದ, ಮಲದ ಸೋಂಕು ತಗಲಿದ ಕೈ ಮತ್ತು ನೀರಿನಿಂದ. ತಾನು ಅಗಿದು ಮಗುವಿಗೆ ತುತ್ತು ಕೊಡುವ ಅಭ್ಯಾಸ ಬೇಡ. ಘಟ್ಟದ ಮೇಲಿನ ಅಬ್ಬಿ ನೀರು ಕಣ್ಣಿಗೆ ಎಷ್ಟೇ ತಿಳಿಯಾಗಿರಲಿ, ಕರಾವಳಿಯ ಬಾವಿಯ ಪಕ್ಕ ಶೌಚದ ಗುಂಡಿ ಇರಲಿ ಬಿಡಲಿ, ಕುದಿಸಿ ಕುಡಿಯುವುದು ಕ್ಷೇಮ.

ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್ ನುಂಗುತ್ತಿದ್ದೇನೆ. ಬಿಟ್ಟರೆ ಉರಿ ಮೊದಲಿಗಿಂತ ಜಾಸ್ತಿ. ಚಟ ಆಯಿತಾ?

ಚಟ ಅಲ್ಲ, ಇದೂ ಗ್ಯಾಸ್ಟ್ರಿನ್ ಆಟ. ಗುಳಿಗೆಯಿಂದ ಆಸಿಡ್ ಇಳಿದಾಗ ಡಿ ಕೋಶಗಳಿಗೆ ‘ಸಾಕು’ ಎನ್ನಲು ಕಾರಣ ಇರುವುದಿಲ್ಲ. ಗ್ಯಾಸ್ಟ್ರಿನ್ ಏರುತ್ತಲೇ ಇರುತ್ತದೆ. ಒಮ್ಮೆಲೇ ಗುಳಿಗೆ ಬಿಟ್ಟರೆ ಏರಿ ಕೂತ ಗ್ಯಾಸ್ಟ್ರಿನ್ನಿನಿಂದ ಕೆಲವು ವಾರ ಆಸಿಡ್ ಭರ್ರನೆ ಸುರಿಯುತ್ತದೆ. ‘ಗುಳಿಗೆ ಇಲ್ಲದೆ ಆಗುವುದೇ ಇಲ್ಲ’ ಅನಿಸುವುದು ಅದಕ್ಕೇ. ನಿಧಾನಕ್ಕೆ ಇಳಿಸಬೇಕು, ಡಾಕ್ಟರ್ ಹೇಳಿದ ಹಾಗೆ.

ನನ್ನ ನಿಜವಾದ ತಕರಾರು ಬೇರೆ. ಸೋಂಕಿನ ಪರೀಕ್ಷೆಯನ್ನೇ ಮಾಡಿಸದೆ ಹುಣ್ಣಿನವರು ಈ ಗುಳಿಗೆಯಲ್ಲೇ ದಿನ ತಳ್ಳುತ್ತಾರೆ. ಗುಳಿಗೆ ಹುಣ್ಣನ್ನು ಮಾಯಿಸುತ್ತದೆ, ನಿಜ. ಸೋಂಕು ಉಳಿದರೆ, ಗುಳಿಗೆ ನಿಲ್ಲಿಸಿದ ಒಂದು ವರ್ಷದೊಳಗೆ ಅರ್ಧಕ್ಕಿಂತ ಹೆಚ್ಚು ಜನರಿಗೆ ಡ್ಯುಯೊಡಿನಮ್ಮಿನ ಹುಣ್ಣು ಮತ್ತೆ ಬರುತ್ತದೆ. ಸೋಂಕು ಹೋದವರಲ್ಲಿ ಮರಳುವುದು ಅಪರೂಪ.

ನೋವಿನ ಗುಳಿಗೆಯಿಂದಲೂ ಹುಣ್ಣಾಗುತ್ತದೆ ಅಂತಾರಲ್ಲ?

ಹೌದು, ಎಚ್. ಪೈಲೋರಿ ಬಿಟ್ಟರೆ ಎರಡನೇ ದೊಡ್ಡ ಕಾರಣ ಅದೇ. ಡೈಕ್ಲೊಫಿನ್ಯಾಕ್, ಅಸಿಕ್ಲೊಫಿನ್ಯಾಕ್, ಐಬುಪ್ರೊಫೆನ್, ಆಸ್ಪಿರಿನ್ ಇವು ಜಠರದ ಪದರ ಕಾಯುವ ಪ್ರೋಸ್ಟಾಗ್ಲ್ಯಾಂಡಿನ್ ತಯಾರಿಯನ್ನು ತಡೆಯುತ್ತವೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ಮರ ಹತ್ತುವ ಕೊನೆಗೌಡರು, ಬಲೆ ಎಳೆದು ಸೊಂಟ ಹಿಡಿದವರು ಖಾಲಿ ಹೊಟ್ಟೆಯಲ್ಲಿ ಇವನ್ನು ನುಂಗುವುದು ಮಾಮೂಲು. ಸೋಂಕೂ ಇದ್ದು, ಈ ಗುಳಿಗೆಯೂ ನಡೆದರೆ ಅಪಾಯ ಹಲವು ಪಟ್ಟು. ಹೃದಯಕ್ಕಾಗಿ ಡಾಕ್ಟರ್ ಕೊಟ್ಟ ಆಸ್ಪಿರಿನ್ನನ್ನು ಮಾತ್ರ ನೀವೇ ನಿಲ್ಲಿಸಬೇಡಿ, ಅವರನ್ನು ಕೇಳಿ.

ಪರೀಕ್ಷೆ ಯಾವುದು? ರಕ್ತ ಕೊಟ್ಟರೆ ಸಾಕಾ?

ರಕ್ತದ ಆಂಟಿಬಾಡಿ ಪರೀಕ್ಷೆ ಹಳೇ ಸೋಂಕಿಗೂ ಪಾಸಿಟಿವ್ ತೋರಿಸುತ್ತದೆ, ಗುಣವಾಗಿದೆಯಾ ಎಂದು ನೋಡಲು ಪ್ರಯೋಜನವಿಲ್ಲ. ಮಲದಲ್ಲಿ ಆಂಟಿಜನ್ ನೋಡುವುದು ಮತ್ತು ಉಸಿರಿನ ಪರೀಕ್ಷೆ ಒಳ್ಳೆಯವು. ಉಸಿರಿನ ಪರೀಕ್ಷೆಯಲ್ಲಿ ಗುರುತು ಹಾಕಿದ ಕಾರ್ಬನ್ ಇರುವ ಯೂರಿಯಾ ಕುಡಿಸುತ್ತಾರೆ. ಬ್ಯಾಕ್ಟೀರಿಯಾ ಇದ್ದರೆ ಅದನ್ನು ಒಡೆಯುತ್ತದೆ, ಆ ಕಾರ್ಬನ್ ನಿಮ್ಮ ಉಸಿರಿನಲ್ಲಿ ಬರುತ್ತದೆ.

ಎಂಡೋಸ್ಕೋಪಿ ಮಾಡಿದರೆ ಅಲ್ಲೇ ಒಂದು ಸಣ್ಣ ತುಣುಕು ತೆಗೆದು ಯೂರಿಯಾ ಇರುವ ಹಳದಿ ಜೆಲ್ಲಿಗೆ ಹಾಕುತ್ತಾರೆ. ಬ್ಯಾಕ್ಟೀರಿಯಾ ಅಮೋನಿಯಾ ಬಿಟ್ಟ ಹಾಗೆ ತುಣುಕಿನ ಸುತ್ತ ಗುಲಾಬಿ ಬಣ್ಣ ಏಳುತ್ತದೆ, ಆಮೇಲೆ ಇಡೀ ಜೆಲ್ ಕೆಂಪಗಾಗುತ್ತದೆ. ಅಷ್ಟು ದಿನ ಹೊಟ್ಟೆಯೊಳಗೆ ನಡೆಯುತ್ತಿದ್ದದ್ದು ಕಣ್ಣೆದುರೇ ಕಾಣುತ್ತದೆ.

ಒಂದು ಮಾತು ನೆನಪಿಡಿ: ಪರೀಕ್ಷೆಗೆ 2 ವಾರ ಮೊದಲು ಪ್ಯಾಂಟೊಪ್ರಜೋಲ್ ಥರದ ಗುಳಿಗೆ, 4 ವಾರ ಮೊದಲು ಆಂಟಿಬಯೋಟಿಕ್ ನಿಲ್ಲಿಸಿರಬೇಕು. ಇಲ್ಲದಿದ್ದರೆ ಸೋಂಕಿದ್ದರೂ ನೆಗೆಟಿವ್ ಬರಬಹುದು. ಎಂಡೋಸ್ಕೋಪಿಗೆ ನಮ್ಮವರು ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ಬಸ್ ಹತ್ತುತ್ತಾರಲ್ಲ, ಹೊರಡುವ ಮೊದಲು ಫೋನಿನಲ್ಲಿ ಇದನ್ನು ಕೇಳಿಕೊಳ್ಳಿ. ಸುಮ್ನೆ ಎರಡು ಸಲ ಓಡಾಡುವುದು ತಪ್ಪುತ್ತದೆ.

ಬ್ಯಾಕ್ಟೀರಿಯಾ ಓಡಿಸುವ 14 ದಿನದ ಔಷಧಿ ಕೋರ್ಸಿನಲ್ಲಿ 3 ದಿನಕ್ಕೇ ಬಾಯೆಲ್ಲ ಕಬ್ಬಿಣದ ರುಚಿ, ನಾಲಿಗೆ ಕಪ್ಪು. ನಿಲ್ಲಿಸಲಾ?

ನಿಲ್ಲಿಸಬೇಡಿ. ಆ ರುಚಿ ಆಂಟಿಬಯೋಟಿಕ್ ಮೆಟ್ರೊನಿಡಜೋಲ್‌ನದ್ದು, ಕಪ್ಪು ಬಿಸ್ಮತ್‌ನದ್ದು. ಮಲವೂ ಕಪ್ಪಾಗುತ್ತದೆ, ಹೆದರಬೇಡಿ. ಕೋರ್ಸಿನಲ್ಲಿ ಸಾಮಾನ್ಯವಾಗಿ ಆಸಿಡ್ ಇಳಿಸುವ ಗುಳಿಗೆ, ಎರಡು ಆಂಟಿಬಯೋಟಿಕ್, ಬಿಸ್ಮತ್ ಇರುತ್ತವೆ. ನಮ್ಮ ದೇಶದಲ್ಲಿ ಕ್ಲಾರಿಥ್ರೊಮೈಸಿನ್, ಮೆಟ್ರೊನಿಡಜೋಲ್‌ಗೆ ಬಗ್ಗದ ಎಚ್. ಪೈಲೋರಿ ಬಹಳ ಇದೆ. ಅರ್ಧಕ್ಕೆ ಬಿಟ್ಟರೆ ನಿಮ್ಮ ಹೊಟ್ಟೆಯಲ್ಲೂ ಅಂಥದ್ದೇ ಉಳಿಯುತ್ತದೆ. ಟೆಟ್ರಾಸೈಕ್ಲಿನ್ ಕೊಟ್ಟಿದ್ದರೆ ಹಾಲು, ಮೊಸರಿನ ಜೊತೆ ನುಂಗಬೇಡಿ, ಔಷಧಿ ಹೀರುವುದಿಲ್ಲ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಅದನ್ನು ಕೊಡುವುದಿಲ್ಲ. ಕೋರ್ಸ್ ಮುಗಿಯುವ ತನಕ ಫೆನ್ನಿ, ಬಿಯರು ಯಾವುದೂ ಬೇಡ.

ಮುಗಿದು ಕನಿಷ್ಠ 4 ವಾರದ ಮೇಲೆ ಮತ್ತೆ ಉಸಿರು ಅಥವಾ ಮಲದ ಪರೀಕ್ಷೆ ಮಾಡಿಸಿ. ಇದನ್ನು ಮಾಡಿಸುವವರೇ ಕಡಿಮೆ. ನೋವು ಹೋದದ್ದೇ ಬ್ಯಾಕ್ಟೀರಿಯಾ ಹೋದದ್ದಕ್ಕೆ ಸಾಕ್ಷಿ ಅಲ್ಲ.

ಬ್ಯಾಕ್ಟೀರಿಯಾ ಹೋದ ಮೇಲೆ ಹಾರ್ಮೋನು ಸರಿಯಾಗುತ್ತದಾ?

ಆಂಟ್ರಮ್ಮಿನ ಉರಿಯೂತ ಇಳಿದ ಹಾಗೆ ಸೊಮ್ಯಾಟೊಸ್ಟ್ಯಾಟಿನ್ ಚೇತರಿಸಿಕೊಳ್ಳುತ್ತದೆ, ಗ್ಯಾಸ್ಟ್ರಿನ್ ಕೆಲವೇ ವಾರಗಳಲ್ಲಿ ಇಳಿಯುತ್ತದೆ. ಬೆಳೆದು ನಿಂತ ಆಸಿಡ್ ಕೋಶಗಳು ಕಡಿಮೆಯಾಗಲು ತಿಂಗಳುಗಳು ಬೇಕು. ಡ್ಯುಯೊಡಿನಮ್ಮಿನ ಬೈಕಾರ್ಬನೇಟ್ ಸ್ರಾವವೂ ಮರಳುತ್ತದೆ. ಜಠರದ ಮೇಲ್ಭಾಗ ಪೂರ್ತಿ ಸೊರಗಿ ಹೋಗಿದ್ದರೆ ಮಾತ್ರ ಎಲ್ಲವೂ ಮೊದಲಿನಂತೆ ಆಗುವುದಿಲ್ಲ. ಬೇಗ ಹಿಡಿದಷ್ಟೂ ಒಳ್ಳೆಯದು ಎನ್ನುವುದು ಅದಕ್ಕೇ.

ಕ್ಯಾನ್ಸರ್ ಬರುತ್ತದಾ?

1994ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಕ್ಯಾನ್ಸರ್ ತರುವ ಮೊದಲ ದರ್ಜೆಯ ಪಟ್ಟಿಗೆ ಸೇರಿಸಿದೆ. ಆದರೆ ಸೋಂಕಿದ್ದ 100ರಲ್ಲಿ ಜಠರದ ಕ್ಯಾನ್ಸರ್ ಆಗುವುದು 1ರಿಂದ 3 ಜನರಿಗೆ. ಡ್ಯುಯೊಡಿನಮ್ಮಿನ ಹುಣ್ಣು ಕ್ಯಾನ್ಸರ್ ಆಗುವುದಿಲ್ಲ ಎಂದೇ ಇಟ್ಟುಕೊಳ್ಳಿ. ಜಠರದ ಹುಣ್ಣಾದರೆ ತುಣುಕು ತೆಗೆದು ನೋಡಬೇಕು, ಮಾಯ್ದಿದೆಯಾ ಎಂದು ಮತ್ತೊಮ್ಮೆ ಎಂಡೋಸ್ಕೋಪಿ ಹೇಳಿದರೆ ತಪ್ಪಿಸಬೇಡಿ.

ಯಾವಾಗ ತಡ ಮಾಡಬಾರದು?

ಬಿಸ್ಮತ್ ಆಗಲಿ ಕಬ್ಬಿಣದ ಗುಳಿಗೆ ಆಗಲಿ ನುಂಗದೆಯೇ ಮಲ ಡಾಂಬರಿನ ಹಾಗೆ ಕಪ್ಪಾಗಿ, ಅಂಟಂಟಾಗಿ ಹೋದರೆ. ವಾಂತಿಯಲ್ಲಿ ರಕ್ತ ಅಥವಾ ಕಾಫಿ ಪುಡಿಯಂಥದ್ದು ಬಂದರೆ. ಇದ್ದಕ್ಕಿದ್ದ ಹಾಗೆ ತಡೆಯಲಾರದ ನೋವು ಬಂದು ಹೊಟ್ಟೆ ಹಲಗೆಯಾದರೆ. ನುಂಗಲು ಕಷ್ಟವಾದರೆ, ರಕ್ತ ಕಡಿಮೆ ಎಂದು ರಿಪೋರ್ಟ್ ಬಂದರೆ. ಮೊದಲ ಮೂರರಲ್ಲಿ ನನ್ನ ಅಂಗಡಿಗೆ ಬರಬೇಡಿ, ನೇರ ಆಸ್ಪತ್ರೆಗೆ ಹೋಗಿ, 108ಕ್ಕೆ ಫೋನ್ ಮಾಡಿ.

ಕೋರ್ಸ್ ನಡೆಯುವಾಗ ಮೀನು ಬಿಡಬೇಕಾ?

ಬೇಡ. ಬಂಗುಡೆ ತಿನ್ನಿ, ಹುರಿದದ್ದಕ್ಕಿಂತ ಸಾರು ಮಾಡಿದರೆ ಹೊಟ್ಟೆಗೆ ಹಗುರ.